ಕೋಟೆಯಲ್ಲಿ ವಿಧವೆಯ ಕೆಲಸ

ಕೋಟೆಯಲ್ಲಿ ವಿಧವೆಯ ಕೆಲಸ ಮಾಡುವವಳಿಗೆ ಮೊದಲು ಗೊತ್ತಿರಬೇಕಾದ್ದು ಇದು: ಸೂಪು ಆರುವುದರೊಳಗೆ ಗಂಡ ಸಾಯಬೇಕು. ಸೂಪು ಆರಿದ ಮೇಲೆ ಗೆಸ್ಟುಗಳು ಯಾರಿಗಾಗಿಯೂ ಮರುಗುವುದಿಲ್ಲ.

ನನ್ನ ಜಾಗಕ್ಕೆ ಈಗ ಕೊಟ್ಟಿಗೆಹಾರದ ಕಡೆಯ ಇಬ್ಬರು ಹುಡುಗಿಯರು ಬಂದಿದ್ದಾರೆ. ಕೆಲಸ ಹೇಗಿರುತ್ತದೆ, ಬರೆದು ಕೊಡಿ ಅಜ್ಜಿ ಅಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವಾಗ ಬೆರಳು ನೋಯುತ್ತದೆ, ಹಾಗಾಗಿ ಸುಳ್ಳು ಬರೆಯಲು ಪುರುಸೊತ್ತಿಲ್ಲ. ಇದ್ದದ್ದನ್ನು ಬರೆಯುತ್ತೇನೆ.

ನಮ್ಮ ಎಸ್ಟೇಟು ಮೂಡಿಗೆರೆಯಿಂದ ಘಟ್ಟದ ಕಡೆ ಹೋಗುವ ರಸ್ತೆಯ ಎಡಕ್ಕೆ. ಸಾಹುಕಾರರು ಒಂದು ಸಲ ಇಂಗ್ಲೆಂಡಿಗೆ ಟೂರು ಹೋಗಿ ಬಂದರು. ಬೇರೆಯವರು ಟೂರಿನಿಂದ ಚಾಕಲೇಟು ತರುತ್ತಾರೆ, ಇವರು ತಲೆಯಲ್ಲಿ ಕೋಟೆ ಇಟ್ಟುಕೊಂಡು ಬಂದರು. ಮೆಣಸು ತುಂಬುತ್ತಿದ್ದ ಹಳೆ ಗೋಡೌನಿಗೆ ಎರಡು ಬುರುಜು ಕಟ್ಟಿಸಿ, ಕಲ್ಲಿನ ಬಣ್ಣ ಹೊಡೆಸಿದರು. ಮಳೆಗಾಲದಲ್ಲಿ ಬುರುಜು ಸೋರುತ್ತದೆಂದು ಅದಕ್ಕೆ ನೀಲಿ ಟಾರ್ಪಾಲು ಹೊದಿಸುತ್ತಿದ್ದೆವು. ಆಗ ಅದು ಕೋಟೆಯ ಹಾಗೆ ಕಾಣುತ್ತಿರಲಿಲ್ಲ, ನೆಗಡಿಯಾದ ಮುದುಕ ಮುಸುಕು ಹಾಕಿ ಕೂತ ಹಾಗೆ ಕಾಣುತ್ತಿತ್ತು. ಹೋಂಸ್ಟೇಗೆ ಬಂದ ಗೆಸ್ಟುಗಳಿಗೆ ಶನಿವಾರ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಹಳೇ ಕಾಲದ ಇಂಗ್ಲೆಂಡಿನ ಔತಣ. ಸಾಹುಕಾರರು ಒಡೆಯ. ಗೆಸ್ಟುಗಳು ಒಡೆಯನ ನೆಂಟರು. ನಾವು ಒಕ್ಕಲು. ನಮಗೆ ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ, ಅಡಿಕೆ ಹಾಳೆಯ ಟೊಪ್ಪಿ ಸಹ ನಮ್ಮದೇ ಆಯಿತು.

ಅದಕ್ಕೂ ಮೊದಲು ನಾನು ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದೆ. ಕೊಯ್ಲಿನ ಗ್ಯಾಂಗಿನಲ್ಲಿ ಹಾಡು ಹೇಳಿಕೊಡುವವಳು ನಾನು. ಅದಕ್ಕೊಂದು ಕಟ್ಟುನಿಟ್ಟು ಇದೆ. ಮುಂದಾಳು ಒಂದು ಸೊಲ್ಲು ಹೇಳಿದರೆ ಗ್ಯಾಂಗು ಅದನ್ನು ತಿರುಗಿ ಕೊಡಬೇಕು. ಕೊಡುವ ತನಕ ಮುಂದಿನ ಸೊಲ್ಲು ಬಿಡಬಾರದು. ಬಿಟ್ಟರೆ ಹಿಂದಿನ ಸಾಲಿನವರು ಹಿಂದೆಯೇ ಉಳಿಯುತ್ತಾರೆ, ಹಾಡೂ ತುಂಡಾಗುತ್ತದೆ, ಕೆಲಸವೂ ತುಂಡಾಗುತ್ತದೆ. ನಮ್ಮ ಅತ್ತೆಯಿಂದ ನಾನು ಕಲಿತ ಒಳ್ಳೆಯದು ಇದೊಂದೇ.

ಮಂಡಿ ಹೋಯಿತು. ಇಳಿಜಾರಿನಲ್ಲಿ ನಿಲ್ಲಲು ಆಗಲಿಲ್ಲ. ಎಸ್ಟೇಟಿನವರು ಆಳುಗಳಿಗೆ ಕೊಡುವ ಲೈನ್ ಮನೆ ನಮ್ಮದು, ನನ್ನ ಗಂಡ ತಿಮ್ಮಯ್ಯನ ಹೆಸರಿನಲ್ಲಿತ್ತು. ಅವನು ನೆರಳಿನ ಮರ ಹತ್ತಿ ಕೊಂಬೆ ಸವರುವವನು. ಎಸ್ಟೇಟಿನ ನಿಯಮ ಎಲ್ಲರಿಗೂ ಗೊತ್ತು. ಕೆಲಸ ಮಾಡುವವರು ಮನೆಯಲ್ಲಿರಬೇಕು, ಇಲ್ಲದವರು ಜಾಗ ಬಿಡಬೇಕು. ತಿಮ್ಮಯ್ಯನಿಗೂ ವಯಸ್ಸಾಗಿತ್ತು. ಒಂದು ಕೋಣೆ, ಒಂದು ಒಲೆ, ಹಿಂದೆ ಕೋಳಿಗೂಡು, ಕೂತು ಎಲೆ ಅಡಿಕೆ ಹಾಕಲು ಒಂದು ಜಗಲಿ. ಅರಮನೆ ಏನಲ್ಲ. ಆದರೆ ಮಗಳ ಮನೆ ಕಳಸದಲ್ಲಿ ಇನ್ನೂ ಚಿಕ್ಕದು, ಅಲ್ಲಿ ಅಳಿಯ ಗೊರಕೆ ಹೊಡೆಯುತ್ತಾನೆ. ಮನೆ ಬಿಡಬಾರದು ಅನ್ನುವುದೊಂದೇ ನನ್ನ ಲೆಕ್ಕ. ಕಲೆಗಾಗಿ ಹಾಡಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಾಹುಕಾರರ ಹೆಂಡತಿ ಅಮ್ಮಾವ್ರು ಇಂಗ್ಲಿಷಿನಲ್ಲಿ ಎಂಎ ಓದಿದವರು. ಒಂದು ದಿನ ಕರೆದು, "ಪುಟ್ಟಕ್ಕ, ಕೋಟೇಲಿ ಒಂದು ಬ್ಯಾಲಡ್ ಹಾಡ್ಬೇಕಲ್ಲ" ಅಂದರು.

"ಅದೆಂತದು ಅಮ್ಮ?"

"ಕಥೆ ಹೇಳೋ ಹಾಡು. ಬರೆಯೋರು ಯಾರೂ ಇಲ್ಲ, ಬಾಯಿಂದ ಬಾಯಿಗೆ ಬಂದಿದ್ದು. ಕೊನೆಗೆ ಯಾರಾದ್ರೂ ಸಾಯ್ತಾರೆ."

"ನಮ್ಮ ಹಾಡಲ್ಲೂ ಸಾಯ್ತಾರೆ."

"ಅದಕ್ಕೇ ನಿನ್ನ ಕರೆದಿದ್ದು."

ಜಗಲಿಯಲ್ಲಿ ಮೆಣಸು ಆರಿಸುತ್ತಾ ಅಮ್ಮಾವ್ರು ಹಳೇ ಇಂಗ್ಲೆಂಡಿನ ಸಂಗತಿ ಹೇಳುತ್ತಿದ್ದರು. ಭೂಮಿ ಎಲ್ಲ ಒಡೆಯನದು. ಒಕ್ಕಲು ವಾರದಲ್ಲಿ ಕೆಲವು ದಿನ ಒಡೆಯನ ಗದ್ದೆಯಲ್ಲಿ ದುಡಿಯಬೇಕು. ಹಿಟ್ಟು ಮಾಡಿಸಲು ಒಡೆಯನ ಗಿರಣಿಗೇ ಹೋಗಬೇಕು. ಮಗಳನ್ನು ಮದುವೆ ಮಾಡಿಕೊಡಲು ಒಡೆಯನನ್ನು ಕೇಳಬೇಕು. ಒಕ್ಕಲುಗಳಲ್ಲೇ ಒಬ್ಬನನ್ನು ಆರಿಸಿ ಉಳಿದವರನ್ನು ಬೈಯಲು ಬಿಡುತ್ತಿದ್ದರು.

"ನಮ್ಮ ಮೇಸ್ತ್ರಿ ಲೋಕಪ್ಪ ಅಲ್ಲಿಗೂ ಹೋಗಿದ್ನಾ?" ಅಂದೆ. ಅಮ್ಮಾವ್ರು ನಕ್ಕು ಮೆಣಸು ಚೆಲ್ಲಿದರು.

ಆಮೇಲೆ ಹೇಳಿದ್ದನ್ನು ಗಮನವಿಟ್ಟು ಓದಿ, ಈ ಕೆಲಸದ ಬುಡ ಅದೇ. ಒಕ್ಕಲು ಸತ್ತರೆ ಅವನ ಕೊಟ್ಟಿಗೆಯಲ್ಲಿ ಇರುವ ಒಳ್ಳೆಯ ಪ್ರಾಣಿ ಒಡೆಯನಿಗೆ ಹೋಗುತ್ತಿತ್ತಂತೆ. ದನವಿದ್ದರೆ ದನ, ಇಲ್ಲದಿದ್ದರೆ ಕುರಿ.

"ಗಂಡನೂ ಹೋದ, ದನವೂ ಹೋಯ್ತಾ? ಎಂಥ ದರಿದ್ರ ಊರು ಮಾರಾಯ್ತಿ ಅದು" ಅಂದುಬಿಟ್ಟೆ, ಸಾಹುಕಾರರ ಹೆಂಡತಿ ಅನ್ನುವುದು ಮರೆತು.

"ಪೂರ್ತಿ ಕೇಳು. ಪ್ರಾಣಿ ಕೊಟ್ಟ ಮೇಲೆ ಗಂಡನ ಮನೇಲಿ ವಿಧವೆ ಇರಬಹುದು. ಬದುಕಿರೋ ತನಕ. ಒಡೆಯ ಬಿಡಿಸೋ ಹಂಗಿಲ್ಲ. ಎಷ್ಟೋ ಊರಲ್ಲಿ ಹೀಗಿತ್ತು."

"ಹಂಗಾದ್ರೆ ಪರವಾಗಿಲ್ಲ" ಅಂದೆ.

ಆ ಕಥೆಗೆ ನಾನು ನಾಟಿ ಹಾಡಿನ ಧಾಟಿ ಕೊಟ್ಟು ಹಾಡು ಕಟ್ಟಿದೆ. ಅಮ್ಮಾವ್ರು ತಿದ್ದಿದರು. ಶುರು ಹೀಗೆ:

ಮೂರು ದಿನ ಒಡೆಯಂಗೆ, ಮೂರು ದಿನ ತನಗಂತೆ
ಏಳನೆ ದಿನ ಮಣ್ಣಿಗೆ ಹೋದ.

ಆಮೇಲೆ ಒಡೆಯ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತಾನೆ. ನಿನ್ನ ಮನೆಯಲ್ಲಿ ಒಳ್ಳೆಯದು ಯಾವುದು, ತೋರು ಅನ್ನುತ್ತಾನೆ. ಅವಳು ಹೇಳುತ್ತಾಳೆ:

ಒಳ್ಳೇದು ಹೋಗಿತ್ತು ನಿನ್ನೆ ಬೆಳಗಾಗ
ಉಳಿದದ್ದು ಕೋಳಿ ಹುಂಜಯ್ಯ.

ಕೊನೆಗೆ ಒಡೆಯನ ಸೊಲ್ಲು. ಅದನ್ನು ಸಾಹುಕಾರರೇ ಹೇಳಬೇಕು:

ಹುಂಜ ನನಗಿರಲಿ, ಹೊಸಲು ನಿನಗಿರಲಿ
ಉಸಿರಿರೋ ತನಕ ಇರು ತಾಯಿ.

ದನವನ್ನು ಔತಣಕ್ಕೆ ಹೊಡೆದುಕೊಂಡು ಬಂದರೆ ಸಗಣಿ ಹಾಕುತ್ತದೆ ಅಂತ ನನ್ನ ಹುಂಜವನ್ನೇ ತಂದೆ. ಹಾಡು ಮುಗಿದ ಮೇಲೆ ಅಡುಗೆಮನೆ ಬಾಗಿಲಲ್ಲಿ ಅದನ್ನು ತಿರುಗಿ ತೆಗೆದುಕೊಂಡು ಮನೆಗೆ ಬರುವುದು. ಕೆಂಪು ಹುಂಜ, ಬಹಳ ಸೊಕ್ಕು. ಕೊನೆಕೊನೆಗೆ ನಾನು ಬಿಡುವುದೇ ತಡ, ತಾನಾಗಿ ನಡೆದು ಹೋಗಿ ಸಾಹುಕಾರರ ಮೇಜು ಹತ್ತಿ ನಿಲ್ಲುತ್ತಿತ್ತು.

ಸಾಯುವ ಗಂಡನ ಪಾರ್ಟು ಮೇಸ್ತ್ರಿ ಲೋಕಪ್ಪನಿಗೆ ಬಂತು. ಅವನು ಸಾಯುವುದನ್ನು ನೋಡಲು ಲೈನಿನ ಹೆಂಗಸರೆಲ್ಲ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಕೆಲವರು ಒಂದು ವಾರವೂ ತಪ್ಪಿಸಲಿಲ್ಲ. ತಿಮ್ಮಯ್ಯ ಅಡುಗೆಮನೆಯಲ್ಲಿ ಕೂತು ಗೆಸ್ಟುಗಳ ಬ್ರೆಡ್ಡು ತಿನ್ನುತ್ತಾ, "ಲೋಕಪ್ಪ ಸತ್ರೆ ನನ್ನ ಹೆಂಡ್ತಿ ಹಿಂಗೆ ಅಳ್ತಾಳೆ. ನಂಗೆ ಜ್ವರ ಬಂದ್ರೆ ಒಂದು ಲೋಟ ಕಷಾಯ ಇಲ್ಲ" ಅನ್ನುತ್ತಿದ್ದ.

ಲೋಕಪ್ಪ ಸಾಯುವ ಮುಂಚೆ ಗೆಸ್ಟುಗಳನ್ನು ಬಾಗಿಲಲ್ಲಿ ಎದುರುಗೊಳ್ಳುವ ಕುದುರೆ ಸವಾರನೂ ಆಗಬೇಕಿತ್ತು. ಮೂಡಿಗೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಡೀಸೆಲ್ ಡ್ರಮ್ಮು ಕತ್ತರಿಸಿ ಅವನಿಗೆ ಕಬ್ಬಿಣದ ಅಂಗಿ ಮಾಡಿಸಿದ್ದರು. ಬಾಡಿಗೆಗೆ ತಂದ ಕುದುರೆ ಅದರ ಸದ್ದು ಕೇಳಿ ಗೇಟು ಹಾರಿ ಹೋಯಿತು. ಸರಿ, ಜೀಪಿನ ಬಾನೆಟ್ಟಿನ ಮೇಲೆ ಕೂರಿಸಿ ತಂದೆವು. ಒಂದು ಸಂಜೆ ಅಂಗಿಯ ಒಳಗೆ ರಕ್ತ ಹೀರುವ ಇಂಬಳ ಹೊಕ್ಕಿತು. ಕಾಲಿಗೆ ಹತ್ತಿದ್ದು ಮೇಲೆ ಮೇಲೆ ಹೋಗಿದೆ. ಸ್ಕ್ರೂ ಬಿಚ್ಚದೆ ಅಂಗಿ ತೆಗೆಯಲು ಬರುವುದಿಲ್ಲ. ಲೋಕಪ್ಪ ಅಂಗಳದಲ್ಲಿ ಕುಣಿದ ಕುಣಿತಕ್ಕೆ ಗೆಸ್ಟುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಬಂದವರು, ಆ ಡ್ಯಾನ್ಸು ಎಲ್ಲಿ ಅಂತ ಕೇಳಿದರು. ಸಾಹುಕಾರರು ಲೋಕಪ್ಪನ ಮುಖ ನೋಡಿದರು.

"ನಾನು ಕೆಲ್ಸ ಬಿಡ್ತೀನಿ ಸಾಹುಕಾರ್ರೆ" ಅಂದ ಲೋಕಪ್ಪ.

ಇನ್ನೊಂದು ಸಲ ಯಾವುದೋ ಕಂಪನಿಯವರು ಬಂದಿದ್ದರು. ಎಲ್ಲರ ಕಣ್ಣೂ ಮೊಬೈಲಿನಲ್ಲಿ. ನಾನು ಮೊದಲ ಸೊಲ್ಲು ಹೇಳಿದೆ. ತಿರುಗಿ ಕೊಡಬೇಕು ಅಂತ ಅಮ್ಮಾವ್ರು ಮೊದಲೇ ಹೇಳಿಕೊಟ್ಟಿದ್ದರು. ಯಾರೂ ಕೊಡಲಿಲ್ಲ. ಇನ್ನೊಮ್ಮೆ ಹೇಳಿದೆ. ಇಲ್ಲ. ನಾನು ಸೆರಗು ಸಿಕ್ಕಿಸಿ ನಿಂತೆ.

ಸಾಹುಕಾರರು ಕಿರೀಟದ ಕೆಳಗಿನಿಂದ, "ಮುಂದೆ ಹೋಗು ಪುಟ್ಟಕ್ಕ" ಅಂದರು.

"ಅವ್ರು ಕೊಟ್ಟಿಲ್ಲ ಸಾಹುಕಾರ್ರೆ."

ಲೋಕಪ್ಪ ನೆಲದ ಮೇಲೆ ಅರ್ಧ ಸತ್ತು ಮಲಗಿದ್ದ. "ಬೇಗ ಕೊಡಿ ಅಂತ ಹೇಳೆ, ನಂಗೆ ಸೀನು ಬರ್ತಿದೆ" ಅಂದ. ಸೂಪಿನ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವರ ದೊಡ್ಡ ಸಾಹೇಬನಿಗೆ ಹಸಿವು ತಡೆಯಲಿಲ್ಲ. ಎದ್ದು ನಿಂತು, ಆಫೀಸಿನಲ್ಲಿ ಆರ್ಡರು ಕೊಡುವವನ ಹಾಗೆ, "ಏಳನೆ ದಿನ ಮಣ್ಣಿಗೆ ಹೋದ" ಅಂದ. ಉಳಿದವರೆಲ್ಲ ದಡಬಡ ಎದ್ದು ಅಂದರು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಜೀಪು ಹತ್ತುವಾಗಲೂ ಮಣ್ಣಿಗೆ ಹೋದ, ಮಣ್ಣಿಗೆ ಹೋದ ಅನ್ನುತ್ತಲೇ ಇದ್ದರು. ಡ್ರೈವರು ಹೆದರಿ ದೇವರಿಗೆ ಕೈ ಮುಗಿದು ಗಾಡಿ ಬಿಟ್ಟ.

ಇಂಗ್ಲೆಂಡಿನ ಅಸಲು ಮನುಷ್ಯ ಒಬ್ಬ ಬಂದಿದ್ದ. ಸಾಹುಕಾರರು ಅವನಿಗಾಗಿ ಬುರುಜಿಗೆ ಮತ್ತೆ ಬಣ್ಣ ಹೊಡೆಸಿದರು. ನಿಮ್ಮ ಊರಿನ ಒಂದು ಬ್ಯಾಲಡ್ ಹೇಳಿ ಅಂದರೆ ಅವನಿಗೆ ಒಂದೂ ಬರಲಿಲ್ಲ. ಅವನು ಪ್ಲಂಬಿಂಗ್ ಕೆಲಸದವನಂತೆ. ಬುರುಜು ಯಾಕೆ ಸೋರುತ್ತದೆ ಅಂತ ಮಾತ್ರ ಹೇಳಿದ. ನಾನು ಅಮ್ಮಾವ್ರ ಮೂಲಕ, ನಿಮ್ಮಲ್ಲಿ ಈಗಲೂ ವಿಧವೆಗೆ ಮನೆ ಬಿಟ್ಟುಕೊಡ್ತಾರಾ ಅಂತ ಕೇಳಿಸಿದೆ. ಅದೆಲ್ಲ ಯಾವತ್ತೋ ಹೋಯಿತು, ನನ್ನನ್ನೇ ಬಾಡಿಗೆ ಮನೆಯಿಂದ ಬಿಡಿಸಿದ್ದಾರೆ, ಅದಕ್ಕೇ ಊರು ಸುತ್ತುತ್ತಿದ್ದೇನೆ ಅಂದನಂತೆ. ಕೊನೆಯ ಸೊಲ್ಲನ್ನು ಅವನು ಎಲ್ಲರಿಗಿಂತ ಜೋರಾಗಿ ತಿರುಗಿ ಕೊಟ್ಟ. ಒಂದು ಅಕ್ಷರವೂ ಸರಿ ಇರಲಿಲ್ಲ, ಆದರೆ ಕೊಟ್ಟ.

ಒಂದು ಕೊಯ್ಲಿನ ಕಾಲದಲ್ಲಿ ತಿಮ್ಮಯ್ಯ ಸತ್ತ. ಮರದಿಂದ ಬಿದ್ದು ಸಾಯುತ್ತಾನೆ ಅಂದುಕೊಂಡಿದ್ದೆ, ಕೆಮ್ಮಿ ಸತ್ತ. ಸಾಹುಕಾರರು ಬಂದು ಜಗಲಿಯಲ್ಲಿ ಕೂತರು, ಸೌದೆ ಕಳಿಸಿದರು. ಯಾವ ಪ್ರಾಣಿಯನ್ನೂ ಕೇಳಲಿಲ್ಲ. ಮುಂದಿನ ಶನಿವಾರ ನಾನು ಕೆಲಸಕ್ಕೆ ಹೋದೆ, ಇನ್ನು ಮನೆ ಉಳಿಯುವುದು ಆ ಕೆಲಸದಿಂದಲೇ. "ಒಳ್ಳೇದು ಹೋಗಿತ್ತು ನಿನ್ನೆ ಬೆಳಗಾಗ" ಅಂದಾಗ ಕಿಟಕಿಯಲ್ಲಿದ್ದ ಹೆಂಗಸರು ಅದನ್ನು ತಿರುಗಿ ಕೊಟ್ಟರು. ಮತ್ತೆ ಕೊಟ್ಟರು. ಇನ್ನೂ ಕೊಟ್ಟರು. ನಾನು ಮುಂದಿನ ಸೊಲ್ಲಿಗೆ ಹೋಗಲು ಸ್ವಲ್ಪ ತಡವಾಯಿತು. ಅವತ್ತು ಸೂಪು ಆರಿತು.

ಈಗ ಕೆಲಸದ ರೀತಿ ಬದಲಾದ ಕಥೆ. ಹೊಸ ಮ್ಯಾನೇಜರ್ ಬಂದ, ಪ್ರೀತಂ ಅಂತ, ಮಂಗಳೂರಿನ ಹುಡುಗ. ಒಳ್ಳೆಯವನು, ಆದರೆ ಮೊಬೈಲು ನೋಡಿ ಬದುಕುವವನು.

"ಅಜ್ಜಿ, ಫ್ಯಾಮಿಲಿಗಳು ಬರ್ತಾರೆ. ಊಟದ ಹೊತ್ತಿಗೆ ಡೆತ್ ಬೇಡ. ಗಂಡನಿಗೆ ಬರೀ ಜ್ವರ ಬರ್ಲಿ. ಆಮೇಲೆ ಹುಷಾರಾಗ್ಲಿ."

"ಸಾಯದಿದ್ರೆ ಒಡೆಯ ಹುಂಜ ಯಾಕೆ ತಗೊಳ್ತಾನೆ?"

"ಗಿಫ್ಟ್ ಅಂತ ಇಟ್ಕೊಳ್ಳಿ."

ಒಂದು ವಾರ ಹಾಗೇ ಮಾಡಿದೆವು. ಲೋಕಪ್ಪ ಹುಷಾರಾಗಿ ಎದ್ದು ಕೂತ. ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಸಾಹುಕಾರರು ಬಂದು ಹುಂಜ ಎತ್ತಿಕೊಂಡು ನಡೆದರು. ಒಂದು ಪುಟ್ಟ ಹೆಣ್ಣುಮಗು, "ಅಮ್ಮ, ಕಿರೀಟದ ಅಂಕಲ್ ಕೋಳಿ ಕದೀತಿದಾರೆ" ಅಂತ ಅತ್ತಿತು. ಅವರಪ್ಪ ಪೊಲೀಸಿನವನಂತೆ. ಅವನೂ ಎದ್ದು ನಿಂತ. ಸಾಹುಕಾರರು ಹುಂಜ ಹಿಡಿದುಕೊಂಡೇ ಅವನಿಗೆ ಇಂಗ್ಲೆಂಡಿನ ಚರಿತ್ರೆ ಹೇಳಬೇಕಾಯಿತು. ಮರುವಾರದಿಂದ ಲೋಕಪ್ಪ ಮತ್ತೆ ಸತ್ತ.

ಆಮೇಲೆ ಪ್ರೀತಂ ನನ್ನ ಹಾಡನ್ನು ಮೊಬೈಲಿನಲ್ಲಿ ತುಂಬಿಕೊಂಡ. ದೊಡ್ಡ ಸ್ಪೀಕರು ತರಿಸಿದ. ಒಂದು ದಿನ ಜಗಲಿಗೆ ಬಂದು ನಿಂತು, ಚಪ್ಪಲಿಯಿಂದ ನೆಲ ಕೆರೆದ.

"ಅಜ್ಜಿ, ನಿಮ್ಗೂ ಸಾಕಾಯ್ತಲ್ಲ. ಇನ್ನು ರೆಸ್ಟ್ ತಗೊಳ್ಳಿ. ವಾಯ್ಸ್ ಹೇಗೂ ಉಂಟು."

"ದನಿ ಅಲ್ಲಿದ್ರೆ ನಾನೆಲ್ಲಿರ್ಲಿ?"

"ಅದೇ ಹೇಳ್ಲಿಕ್ಕೆ ಬಂದದ್ದು. ಹೊಸ ಕುಕ್ ಬರ್ತಿದಾರೆ, ಫ್ಯಾಮಿಲಿ ಉಂಟು. ಅವರಿಗೆ ರೂಮು ಬೇಕು. ಶನಿವಾರ ನಿಮ್ಗೊಂದು ಸನ್ಮಾನ. ಆಮೇಲೆ ಸೋಮವಾರ ಕೀ ಕೊಟ್ರೆ ಸಾಕು. ಕಳಸಕ್ಕೆ ಜೀಪು ನಾನೇ ಮಾಡ್ತೇನೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಇದ್ದದ್ದೇ ಹಾಗೆ. ಶನಿವಾರದ ತನಕ ನಾನು ಪಾತ್ರೆ ಕಟ್ಟಲಿಲ್ಲ. ಒಲೆಯ ಮುಂದೆ ಕೂತು ಹುಂಜವನ್ನು ನೋಡಿದೆ. ಅದೂ ಮುದಿಯಾಗಿತ್ತು.

ಸಾಹುಕಾರರ ವಿಷಯ ಒಂದು ಹೇಳಬೇಕು. ಅವರು ಒಡೆಯನ ಪಾರ್ಟನ್ನು ಆಟ ಅಂತ ಮಾಡಿದವರಲ್ಲ. ಕೋಟೆಯಲ್ಲಿ ಯಾರಾದರೂ ಟೊಮೆಟೊ ತಂದಿಟ್ಟರೆ, ಆ ಕಾಲದ ಇಂಗ್ಲೆಂಡಿನಲ್ಲಿ ಟೊಮೆಟೊ ಇರಲಿಲ್ಲ ಅಂತ ತಟ್ಟೆ ವಾಪಸು ಕಳಿಸುವವರು. ಕೈಗಡಿಯಾರ ಬಿಚ್ಚಿಟ್ಟು ಕೂರುವವರು. ಆದರೆ ಹಾಡಲು ನಾಚಿಕೆ. ಕೊನೆಯ ಸೊಲ್ಲನ್ನು ಯಾವಾಗಲೂ ಗಡ್ಡದೊಳಗೇ ಗುನುಗಿ ಮುಗಿಸುತ್ತಿದ್ದರು. ಸಂಬಳ ಕೊಡುವವರು ಅಂತ ನಾನೂ ಬಿಡುತ್ತಿದ್ದೆ.

ಶನಿವಾರ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೊನೆಯ ಸಲ ನಾನೇ ಹಾಡುತ್ತೇನೆ, ಸ್ಪೀಕರು ಬೇಡ ಅಂದೆ. ಒಪ್ಪಿದರು. ಲೋಕಪ್ಪ ಸತ್ತ. ಹುಂಜ ಮೇಜು ಹತ್ತಿತು. ಸಾಹುಕಾರರು ಎಂದಿನಂತೆ ಬಾಯೊಳಗೆ ಏನೋ ಅಂದರು.

ನಾನು ನಿಂತೆ.

"ಮುಗೀತಲ್ಲ ಪುಟ್ಟಕ್ಕ" ಅಂದರು ಸಾಹುಕಾರರು.

"ಕೊಟ್ಟಿಲ್ಲ ಸಾಹುಕಾರ್ರೆ. ಇಷ್ಟು ವರ್ಷ ಕಂಪನಿಯವ್ರ ಹತ್ರ ಸಹ ತಗೊಂಡಿದೀನಿ. ನಿಮ್ಮದೊಂದು ಬಾಕಿ."

ಗೆಸ್ಟುಗಳು ನಕ್ಕರು. ಸಾಹುಕಾರರು ಅಮ್ಮಾವ್ರ ಕಡೆ ನೋಡಿದರು. ಅಮ್ಮಾವ್ರು ತಟ್ಟೆ ನೋಡಿದರು. ಕೊನೆಗೆ ಅವರು ಗಂಟಲು ಸರಿ ಮಾಡಿಕೊಂಡು, ಎದ್ದು, ಹೊರಗೆ ಜೀಪಿನ ಹತ್ತಿರ ಇದ್ದವರಿಗೂ ಕೇಳುವ ಹಾಗೆ ಹೇಳಿದರು: ಹುಂಜ ನನಗಿರಲಿ, ಹೊಸಲು ನಿನಗಿರಲಿ, ಉಸಿರಿರೋ ತನಕ ಇರು ತಾಯಿ. ಪರವಾಗಿಲ್ಲ, ದನಿ ಚೆನ್ನಾಗಿಯೇ ಇತ್ತು. ಗೆಸ್ಟುಗಳು ತಿರುಗಿ ಕೊಟ್ಟರು. ಕಿಟಕಿಯ ಹೆಂಗಸರು ಕೊಟ್ಟರು. ಸತ್ತು ಮಲಗಿದ್ದ ಲೋಕಪ್ಪ ಕತ್ತೆತ್ತಿ ತಾನೂ ಕೊಟ್ಟು ಮತ್ತೆ ಸತ್ತ.

ಅವತ್ತು ನಾನು ಅಡುಗೆಮನೆ ಬಾಗಿಲಿಗೆ ಹೋಗಲಿಲ್ಲ. ಮುಂದಿನ ಬಾಗಿಲಿನಿಂದ ಹೊರಗೆ ಬಂದು, ಹುಂಜವಿಲ್ಲದೆ ಮನೆಗೆ ನಡೆದೆ.

ಹುಂಜವನ್ನು ಸಾಹುಕಾರರ ಬಂಗಲೆಗೆ ಒಯ್ದರು, ಅಲ್ಲೇ ಉಳಿಯಿತು. ಪುಟ್ಟಕ್ಕ ಮರೆತಿದ್ದಾಳೆ, ನಾಳೆ ಬರುತ್ತಾಳೆ ಅಂದುಕೊಂಡರಂತೆ. ಅದು ಸುಮ್ಮನಿರುವ ಪ್ರಾಣಿಯಲ್ಲ. ಭಾನುವಾರ ಸಾಹುಕಾರರ ಕಾಫಿ ಮೇಜು ಹತ್ತಿತು, ತಿಂಡಿ ಮೇಜು ಹತ್ತಿತು, ಪೂಜೆಗೆ ಇಟ್ಟ ಮಣೆಯನ್ನೂ ಹತ್ತಿತು. ಅದಕ್ಕೆ ಕಲಿಸಿದ್ದೇ ಅಷ್ಟು. ಮಣೆ ಹತ್ತಿದ ಮೇಲೆ ಸಾಹುಕಾರರು ಅಡುಗೆಯವನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಗಾಳಿ ಬಂಗಲೆಯ ಕಡೆಯಿಂದ ಬೀಸಿತು, ಮಸಾಲೆಯ ವಾಸನೆ ಬಂತು. ನಾನು ಒಲೆ ಹಚ್ಚಿದೆ.

ಮಧ್ಯಾಹ್ನ ಪ್ರೀತಂ ಬಂದ. "ಅಜ್ಜಿ, ಕೀ."

"ಸಾಹುಕಾರ್ರು ಏನು ಮಾಡ್ತಿದಾರೆ?"

"ಊಟ ಮಾಡ್ತಿದಾರೆ."

"ಎಂತ ಊಟ?"

"ಕಡುಬು, ಕೋಳಿ ಸಾರು."

"ನಡಿ ಹೋಗುವ" ಅಂದೆ.

ಬಂಗಲೆಯ ಊಟದ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಸಾಹುಕಾರರ ತಟ್ಟೆಯಲ್ಲಿ ಕಾಲಿನ ಮೂಳೆ. ನಾನು ಬಾಗಿಲಲ್ಲಿ ನಿಂತೆ, ಹಾಡಿನಲ್ಲಿ ಒಡೆಯ ನಿಲ್ಲುವ ಹಾಗೆ.

"ತಿಮ್ಮಯ್ಯ ಸತ್ತಾಗ ಕೊಡಬೇಕಿತ್ತು ಸಾಹುಕಾರ್ರೆ, ತಡ ಆಯ್ತು. ಮನೇಲಿ ಇದ್ದ ಒಳ್ಳೇ ಪ್ರಾಣಿ ಅದೇ. ಮುಟ್ಟಿತಲ್ಲ?"

ಸಾಹುಕಾರರು ಮೂಳೆ ನೋಡಿದರು. ನನ್ನನ್ನು ನೋಡಿದರು. "ಪುಟ್ಟಕ್ಕ, ಅದು ಹಾಡು."

"ಹಾಡಲ್ಲಿ ಹುಂಜ ವಾಪಸ್ ಕೊಡ್ತಿದ್ರಿ. ಇದನ್ನ ತಿಂದಿದೀರಿ."

ಪ್ರೀತಂ, "ಸರ್, ಕುಕ್ ಸಾಮಾನು ಲಾರೀಲಿ..." ಅಂತ ಶುರು ಮಾಡಿದ. ಅಮ್ಮಾವ್ರು ಕೈ ಎತ್ತಿ ಅವನನ್ನು ನಿಲ್ಲಿಸಿ, ಗಂಡನಿಗೆ ಹೇಳಿದರು.

"ಟೊಮೆಟೊ ಇಟ್ರೆ ತಟ್ಟೆ ವಾಪಸ್ ಕಳಿಸೋರು ನೀವು. ಪ್ರಾಣಿ ತಗೊಂಡು ಮನೇನೂ ಬಿಡಿಸಿದ ಒಡೆಯ ಯಾವ ಊರಲ್ಲಿದ್ದ, ಹೇಳಿ."

ಸಾಹುಕಾರರು ಬಹಳ ಹೊತ್ತು ಯೋಚಿಸಿದರು. ನಿಜವಾಗಿ ಯೋಚಿಸಿದರು, ಹಾಗೆ ಇದ್ದ ಊರು ಯಾವುದಾದರೂ ನೆನಪಿಗೆ ಬರುತ್ತದಾ ಅಂತ. ಆಮೇಲೆ ಕೈ ತೊಳೆದುಕೊಂಡು, "ಪ್ರೀತಂ, ಕುಕ್ಕಿಗೆ ಬುರುಜಿನ ಕೆಳಗಿನ ರೂಮು ಕೊಡು" ಅಂದರು.

"ಸರ್, ಅದು ಸೋರ್ತದೆ."

"ಪ್ಲಂಬರ್ ಹೇಳಿ ಹೋಗಿದಾನಲ್ಲ, ಸರಿ ಮಾಡ್ಸು."

ನಾನು ಹೊರಡುವಾಗ ಸಾಹುಕಾರರು ಕರೆದು, "ಗಟ್ಟಿ ಇತ್ತು ಕಣೆ, ಬೇಯಲೇ ಇಲ್ಲ" ಅಂದರು. "ಮುದಿ ಹುಂಜ ಅಲ್ವಾ" ಅಂದೆ.

ಸ್ಪೀಕರಿನ ಹಾಡು ಹೆಚ್ಚು ದಿನ ನಡೆಯಲಿಲ್ಲ. ಅದು ಯಾರಿಗೂ ಕಾಯುವುದಿಲ್ಲ, ಒಂದೇ ಉಸಿರಿಗೆ ಹೇಳಿಕೊಂಡು ಹೋಗುತ್ತದೆ. ಗೆಸ್ಟುಗಳು ತಿರುಗಿ ಕೊಡುವಷ್ಟರಲ್ಲಿ ಗಂಡ ಸತ್ತು, ಹುಂಜ ಹೋಗಿ, ಮನೆಯೂ ಸಿಕ್ಕಿರುತ್ತಿತ್ತು. ಅದಕ್ಕೇ ನಿಮ್ಮಿಬ್ಬರನ್ನು ಕರೆಸಿದ್ದು. ನಿಮಗೆ ಹೇಳುವುದು ಇಷ್ಟೇ. ತಿರುಗಿ ಕೊಡುವ ತನಕ ನಿಲ್ಲಿ, ಎದುರಿಗೆ ಯಾರೇ ಇರಲಿ. ಸೂಪು ಬೇಕಾದರೆ ಬಿಸಿ ಮಾಡಿಕೊಡುತ್ತಾರೆ. ಮತ್ತೆ ಕೋಳಿ ಸಾಕಿ.

ನನ್ನ ಮನೆ ನನ್ನ ಉಸಿರಿರುವ ತನಕ ಮಾತ್ರ. ನಾನು ಸತ್ತ ದಿನ ಸಾಹುಕಾರರು ಹಾಡಿನ ಒಡೆಯನ ಹಾಗೆ ನನ್ನ ಬಾಗಿಲಿಗೆ ಬಂದು ಒಳ್ಳೆಯ ಪ್ರಾಣಿ ಯಾವುದು ಅಂತ ನೋಡಬಹುದು, ಅವರು ಅಂಥವರೇ. ಈಗ ನಾನು ಸಾಕಿರುವುದು ಒಂದು ಬೆಕ್ಕು ಮಾತ್ರ. ಮುಟ್ಟಿದವರನ್ನು ಪರಚುತ್ತದೆ. ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ.